ಮಚ್ಚೆಯ ಕೆಳಗಿನ ರಕ್ತನಾಳಗಳು: ಕುಷ್ಠ ಮತ್ತು ಇತರ ಚರ್ಮಸೋಂಕುಗಳ ಒಂದು ಸಮೀಕ್ಷೆ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನ ಕುಂತೂರು ಕಬ್ಬಿನ ಸೀಮೆ. ಊರಿಗೆ ಸಕ್ಕರೆ ಕಾರ್ಖಾನೆಯೂ ಇದೆ. ಪಕ್ಕದ ಯಳಂದೂರು ತಾಲ್ಲೂಕಿನಲ್ಲಿ ಒಂದು ಕಡೆ ಗದ್ದೆ ಬಯಲು, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟದ ಕಾಡು. 1980ರ ದಶಕದಲ್ಲಿ ಈ ಸೀಮೆಯನ್ನು ಕುಷ್ಠರೋಗ ಬಲವಾಗಿ ಹಿಡಿದಿತ್ತು. 1987ರಲ್ಲಿ ಯಳಂದೂರು ತಾಲ್ಲೂಕಿನ ಪ್ರತಿ ಸಾವಿರ ಜನರಲ್ಲಿ 21ಕ್ಕೂ ಹೆಚ್ಚು ಮಂದಿಗೆ ಈ ರೋಗವಿತ್ತು. ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದ ಡಾ. ಎಚ್. ಸುದರ್ಶನ್ 1986ರಲ್ಲಿ ಕರುಣಾ ಟ್ರಸ್ಟ್ ಆರಂಭಿಸಿದ್ದು ಈ ರೋಗವನ್ನು ಎದುರಿಸಲೆಂದೇ. ರೋಗಿಗಳನ್ನು ಹುಡುಕಿ ಬಹು ಔಷಧ ಚಿಕಿತ್ಸೆ ಕೊಡುವ ಕೆಲಸ ವರ್ಷಗಟ್ಟಲೆ ನಡೆಯಿತು. ಎರಡು ದಶಕಗಳೊಳಗೆ ರೋಗಿಗಳ ಪ್ರಮಾಣ ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು.

ಈ ಗೆಲುವು ಸಾಧ್ಯವಾದದ್ದು ಬರಿಗಣ್ಣಿಗೆ ಕಾಣುವ ಒಂದು ಗುರುತಿನಿಂದ: ಬಣ್ಣಗೆಟ್ಟ, ಮುಟ್ಟಿದರೆ ತಿಳಿಯದ ಮಚ್ಚೆ. ಆ ಮಚ್ಚೆಯ ಕೆಳಗೆ ಬರಿಗಣ್ಣಿಗೆ ಕಾಣದ ಬದಲಾವಣೆಗಳೂ ಆಗುತ್ತವೆ. ಅವುಗಳಲ್ಲಿ ಒಂದು ಹೊಸ ರಕ್ತನಾಳಗಳ ಬೆಳವಣಿಗೆ. ಅದನ್ನು ಯಾರು ಪ್ರಚೋದಿಸುತ್ತಾರೆ, ರೋಗಾಣುವೋ ದೇಹವೋ? ಅದರಿಂದ ಲಾಭವಾಗುವುದು ಯಾರಿಗೆ? ಅದನ್ನು ತಡೆದರೆ ರೋಗಿಗೆ ಒಳಿತಾಗುತ್ತದೆಯೇ? ಕಳೆದ ಎರಡು ದಶಕಗಳಲ್ಲಿ ಈ ಪ್ರಶ್ನೆಗಳ ಸುತ್ತ ಸಾಕಷ್ಟು ಕೆಲಸ ನಡೆದಿದೆ. ಅದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ತೋರುವುದು ಇಷ್ಟು: ಈ ಬೆಳವಣಿಗೆ ರೋಗದ ಸ್ಥಿತಿಯನ್ನು ಹೇಳುವ ಒಳ್ಳೆಯ ಗುರುತಾಗಬಲ್ಲದು. ಆದರೆ ಔಷಧ ಹಾಕಿ ಅದನ್ನು ತಡೆಯುವ ಕಾಲ ಇನ್ನೂ ಬಂದಿಲ್ಲ. ಏಕೆಂದರೆ ಕುಷ್ಠರೋಗಿಯ ದೇಹಕ್ಕೆ ಹೊಸ ರಕ್ತನಾಳಗಳಿಂದ ಕೇಡೂ ಇದೆ, ಅವುಗಳ ಅಗತ್ಯವೂ ಇದೆ.

ನಾಳ ಚಿಗುರುವ ಬಗೆ

ಬೆಳೆದ ಮನುಷ್ಯನ ದೇಹದಲ್ಲಿ ರಕ್ತನಾಳಗಳ ಒಳಪದರದ ಕೋಶಗಳು ಸಾಮಾನ್ಯವಾಗಿ ಸುಮ್ಮನಿರುತ್ತವೆ. ಗಾಯವಾದಾಗ, ಮುಟ್ಟಿನ ಚಕ್ರದಲ್ಲಿ, ಬಸಿರಿನಲ್ಲಿ ಅವು ಎಚ್ಚೆತ್ತು ಕವಲೊಡೆಯುತ್ತವೆ. ಕ್ಯಾನ್ಸರ್ ಗಡ್ಡೆಗಳೂ ಇದೇ ಸಾಮರ್ಥ್ಯವನ್ನು ಬಳಸಿಕೊಂಡು ತಮಗೆ ಬೇಕಾದ ರಕ್ತವನ್ನು ಪಡೆಯುತ್ತವೆ ಎಂದು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ವಾದಿಸಿದರು. ಆಗ ಅದನ್ನು ಒಪ್ಪಿದವರು ಕಡಿಮೆ. 1983ರಲ್ಲಿ ಹೆರಾಲ್ಡ್ ಡ್ವೊರಾಕ್ ಅವರ ತಂಡ ನಾಳಗಳಿಂದ ದ್ರವ ಸೋರುವಂತೆ ಮಾಡುವ ಒಂದು ಪ್ರೋಟೀನನ್ನು ಗುರುತಿಸಿತು. 1989ರಲ್ಲಿ ನೆಪೋಲಿಯೋನ್ ಫೆರಾರ ಅವರ ತಂಡ ನಾಳದ ಕೋಶಗಳನ್ನು ಬೆಳೆಸುವ ಪ್ರೋಟೀನನ್ನು ಬೇರ್ಪಡಿಸಿತು. ಎರಡೂ ಒಂದೇ ಎಂದು ಗೊತ್ತಾಯಿತು. ಅದೇ ಇಂದು ವಿಇಜಿಎಫ್ ಎಂದು ಕರೆಯುವ ಪ್ರೋಟೀನು.

ಈ ಇತಿಹಾಸದಲ್ಲೇ ಒಂದು ಮುಖ್ಯ ಸಂಗತಿಯಿದೆ. ವಿಇಜಿಎಫ್ ನಾಳವನ್ನು ಬೆಳೆಸುತ್ತದೆ, ಜೊತೆಗೆ ಅದು ಸೋರುವಂತೆಯೂ ಮಾಡುತ್ತದೆ. ಅವಸರದಲ್ಲಿ ತೋಡಿದ ಮಣ್ಣುಗಾಲುವೆಯಂತೆ ಹೊಸ ನಾಳದಲ್ಲಿ ಹರಿಯುವುದೂ ಉಂಟು, ದಾರಿಯಲ್ಲೇ ಇಂಗುವುದೂ ಉಂಟು. ಆಮ್ಲಜನಕ ಕಡಿಮೆಯಾದ ಅಂಗಾಂಶದಲ್ಲಿ ಎಚ್‌ಐಎಫ್ ಎಂಬ ಇನ್ನೊಂದು ಪ್ರೋಟೀನು ಸ್ಥಿರಗೊಂಡು ವಿಇಜಿಎಫ್ ಉತ್ಪಾದನೆಯನ್ನು ಏರಿಸುತ್ತದೆ. ಕೋಶಗಳು ಆಮ್ಲಜನಕದ ಕೊರತೆಯನ್ನು ಅರಿಯುವ ಈ ವ್ಯವಸ್ಥೆಯನ್ನು ಬಿಡಿಸಿಟ್ಟದ್ದಕ್ಕೆ ಸೆಮೆಂಜಾ, ಕೇಲಿನ್ ಮತ್ತು ರ‍್ಯಾಟ್‌ಕ್ಲಿಫ್ ಅವರಿಗೆ 2019ರ ನೊಬೆಲ್ ಪ್ರಶಸ್ತಿ ಸಂದಿತು. ಉರಿಯೂತದ ಜಾಗದಲ್ಲಿ ಕಿಕ್ಕಿರಿದ ರಕ್ಷಕ ಕೋಶಗಳು ಆಮ್ಲಜನಕವನ್ನು ಬೇಗ ಬಳಸಿಬಿಡುವುದರಿಂದ ಸೋಂಕಿನ ಜಾಗಗಳಲ್ಲಿ ಇದೇ ವ್ಯವಸ್ಥೆ ಚಾಲೂ ಆಗುತ್ತದೆ.

ಬೇರೆ ಸೋಂಕುಗಳು ಕಲಿಸುವುದೇನು

ಕುಷ್ಠಕ್ಕೆ ಬರುವ ಮುನ್ನ ಚರ್ಮದ ಬೇರೆ ಸೋಂಕುಗಳನ್ನು ನೋಡುವುದು ಒಳ್ಳೆಯದು. ಅಲ್ಲಿ ಕಾರಣ ಇನ್ನಷ್ಟು ಸ್ಪಷ್ಟ. ಕುರಿ ಮೇಕೆಗಳ ಬಾಯಿಯ ಸುತ್ತ ಹಕ್ಕಳೆಗಟ್ಟುವ ಹುಣ್ಣು ತರುವ ಆರ್ಫ್ ವೈರಸ್ಸು ಅವುಗಳನ್ನು ಸಾಕುವವರ ಬೆರಳಿಗೂ ತಗಲಬಹುದು. ಬೆರಳಿನ ಮೇಲೆ ಕೆಂಪಗೆ ಉಬ್ಬುವ, ಮುಟ್ಟಿದರೆ ರಕ್ತ ಒಸರುವ ಗಂಟು ಏಳುತ್ತದೆ. ಈ ವೈರಸ್ಸು ತನ್ನದೇ ವಿಇಜಿಎಫ್ ಜೀನನ್ನು ಹೊತ್ತಿದೆ ಎಂದು ನ್ಯೂಜಿಲೆಂಡಿನ ಸಂಶೋಧಕರು 1994ರಲ್ಲಿ ತೋರಿಸಿದರು. ರೋಗಾಣುವೇ ನೇರವಾಗಿ ನಾಳ ಬೆಳೆಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಪೆರು ದೇಶದ ಆಂಡೀಸ್ ಕಣಿವೆಗಳಲ್ಲಿ ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯ ರಕ್ತ ತುಂಬಿದ ಗಂಟುಗಳನ್ನು ಎಬ್ಬಿಸುತ್ತದೆ. ಅಂಥ ಗಂಟಿನ ರಸವನ್ನು ತನ್ನ ಮೈಗೆ ಚುಚ್ಚಿಕೊಂಡ ವೈದ್ಯ ವಿದ್ಯಾರ್ಥಿ ಡೇನಿಯಲ್ ಕ್ಯಾರಿಯೋನ್ 1885ರಲ್ಲಿ ತೀವ್ರ ಜ್ವರ ಬಂದು ತೀರಿಕೊಂಡ. ಗಂಟೂ ಜ್ವರವೂ ಒಂದೇ ರೋಗದ ಎರಡು ರೂಪಗಳೆಂದು ಅವನ ಸಾವಿನಿಂದ ತಿಳಿಯಿತು. ಬಾರ್ಟೊನೆಲ್ಲಾ ಕುಲದ ಇನ್ನೊಂದು ಜಾತಿ ಏಡ್ಸ್ ರೋಗಿಗಳಲ್ಲೂ ಇಂಥದೇ ಗಂಟುಗಳನ್ನು ತರುತ್ತದೆ. ಸೂಕ್ತ ಆ್ಯಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯವನ್ನು ಕೊಂದರೆ ಗಂಟು ತಾನಾಗಿ ಕರಗುತ್ತದೆ. ನಾಳವನ್ನು ಬೇರೆಯಾಗಿ ಗುರಿಯಾಗಿಸುವ ಅಗತ್ಯ ಬೀಳುವುದಿಲ್ಲ.

ಕುಷ್ಠದ ಬ್ಯಾಕ್ಟೀರಿಯಕ್ಕೆ ಹತ್ತಿರದ ಸಂಬಂಧಿಯೊಂದು ಇದಕ್ಕೆ ತೀರ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತದೆ. ಪಶ್ಚಿಮ ಆಫ್ರಿಕದಲ್ಲಿ ಹೆಚ್ಚಾಗಿ ಕಾಣುವ ಬುರುಲಿ ಹುಣ್ಣಿನ ಬ್ಯಾಕ್ಟೀರಿಯ ಮೈಕೊಲ್ಯಾಕ್ಟೋನ್ ಎಂಬ ವಿಷವನ್ನು ಸ್ರವಿಸುತ್ತದೆ. ಆ ವಿಷ ನಾಳದ ಒಳಪದರವನ್ನು ಕೆಡಿಸಿ, ರಕ್ತ ಹೆಪ್ಪುಗಟ್ಟಿಸಿ, ಚರ್ಮ ಸಾಯುವಂತೆ ಮಾಡುತ್ತದೆ. ಅಂದರೆ ಒಂದೇ ಬ್ಯಾಕ್ಟೀರಿಯ ಕುಲದೊಳಗೂ ರಕ್ತನಾಳದ ಜೊತೆಗಿನ ವ್ಯವಹಾರ ಒಂದೇ ಬಗೆಯದಲ್ಲ. ಒಂದು ಸೋಂಕಿನಲ್ಲಿ ಕಂಡದ್ದನ್ನು ಇನ್ನೊಂದಕ್ಕೆ ಹಾಗೆಯೇ ಒಪ್ಪಿಸಲಾಗದು.

ಕುಷ್ಠದ ಚರ್ಮದಲ್ಲಿ ಕಂಡದ್ದು

ನಾರ್ವೆಯ ಬರ್ಗೆನ್ ನಗರದಲ್ಲಿ ಗೆರ್ಹಾರ್ಡ್ ಹ್ಯಾನ್ಸನ್ 1873ರಲ್ಲಿ ಕುಷ್ಠದ ಬ್ಯಾಕ್ಟೀರಿಯವನ್ನು ಕಂಡರು. ಅದು ಎರಡಾಗಲು ಸುಮಾರು ಎರಡು ವಾರ ಬೇಕು. ಮೈಯ ತಂಪಾದ ಭಾಗಗಳೇ ಅದಕ್ಕೆ ಇಷ್ಟ. ಅದು ಒಳಗೆ ಬಂದ ಮೇಲೆ ರೋಗ ಯಾವ ರೂಪ ತಾಳುತ್ತದೆ ಎನ್ನುವುದು ರೋಗಿಯ ರಕ್ಷಣಾ ವ್ಯವಸ್ಥೆಯನ್ನು ಅವಲಂಬಿಸಿದೆ. 1966ರಲ್ಲಿ ರಿಡ್ಲಿ ಮತ್ತು ಜಾಪ್ಲಿಂಗ್ ಈ ರೂಪಗಳನ್ನು ಒಂದು ಸಾಲಿನಲ್ಲಿಟ್ಟರು. ಒಂದು ತುದಿಯಲ್ಲಿ ಟ್ಯೂಬರ್ಕ್ಯುಲಾಯ್ಡ್ ರೂಪ: ಬಲವಾದ ರಕ್ಷಣೆ, ಬಿಗಿಯಾಗಿ ಕೂಡಿದ ಕೋಶಗುಂಪು, ಕೆಲವೇ ಮಚ್ಚೆಗಳು, ಬ್ಯಾಕ್ಟೀರಿಯ ಅತಿ ವಿರಳ. ಇನ್ನೊಂದು ತುದಿಯಲ್ಲಿ ಲೆಪ್ರೊಮ್ಯಾಟಸ್ ರೂಪ: ಸೋತ ರಕ್ಷಣೆ, ಕೊಬ್ಬು ತುಂಬಿ ನೊರೆಯಂತಾದ ಭಕ್ಷಕ ಕೋಶಗಳು, ಅವುಗಳೊಳಗೆ ಹೇರಳ ಬ್ಯಾಕ್ಟೀರಿಯ.

ರಕ್ತನಾಳಗಳು ಈ ಸಾಲಿನಲ್ಲಿ ಎಲ್ಲಿ ಹೆಚ್ಚು? 2007ರಲ್ಲಿ ಜ್ಯಾಕ್ ಆರ್ಬೈಸರ್, ರಾಬರ್ಟ್ ಮೋಡ್ಲಿನ್ ಮತ್ತು ಸಂಗಡಿಗರು ಕುಷ್ಠದ ಮಚ್ಚೆಗಳಲ್ಲಿ ನಾಳಗಳ ಬೆಳವಣಿಗೆಯನ್ನು ಪರೀಕ್ಷಿಸಿ, ಇದು ಚಿಕಿತ್ಸೆಗೆ ಹೊಸ ದಾರಿಯಾದೀತೇ ಎಂಬ ಪ್ರಶ್ನೆಯನ್ನು ಮುಂದಿಟ್ಟರು. 2012ರಲ್ಲಿ ಈಜಿಪ್ಟಿನ ವೈದ್ಯರು ಬಯಾಪ್ಸಿ ತುಣುಕುಗಳಲ್ಲಿ ಸಿಡಿ31 ಎಂಬ ನಾಳಗುರುತನ್ನೂ ವಿಇಜಿಎಫ್ ಪ್ರಮಾಣವನ್ನೂ ಅಳೆದರು. ಟ್ಯೂಬರ್ಕ್ಯುಲಾಯ್ಡ್ ತುದಿಯಿಂದ ಲೆಪ್ರೊಮ್ಯಾಟಸ್ ತುದಿಯತ್ತ ಸಾಗಿದಂತೆ ನಾಳಗಳ ಸಾಂದ್ರತೆ ಏರುವುದು ಕಂಡಿತು. ಬ್ಯಾಕ್ಟೀರಿಯ ಹೆಚ್ಚಿರುವಲ್ಲಿ ನಾಳವೂ ಹೆಚ್ಚು ಎಂಬುದು ಈ ಬಗೆಯ ಅಧ್ಯಯನಗಳ ಒಟ್ಟು ಸಾರ.

ಈ ಸಾರವನ್ನು ಎಷ್ಟು ನಂಬಬಹುದು? ಒಂದಿಷ್ಟು ಎಚ್ಚರ ಬೇಕು. ಸಿಡಿ31 ಹಳೆಯ ನಾಳವನ್ನೂ ಹೊಸ ನಾಳವನ್ನೂ ಒಂದೇ ರೀತಿ ತೋರಿಸುತ್ತದೆ. ಉರಿಯೂತದಲ್ಲಿ ಹಿಗ್ಗಿದ ಹಳೆಯ ನಾಳ ಹೊಸದರಂತೆ ಕಂಡೀತು. ಮುಖದ ಚರ್ಮದಲ್ಲಿ ಸಹಜವಾಗಿಯೇ ನಾಳಗಳು ಹೆಚ್ಚು. ಲೆಪ್ರೊಮ್ಯಾಟಸ್ ರೋಗಿಯ ತುಣುಕನ್ನು ಮುಖದಿಂದಲೂ ಟ್ಯೂಬರ್ಕ್ಯುಲಾಯ್ಡ್ ರೋಗಿಯದನ್ನು ತೊಡೆಯಿಂದಲೂ ತೆಗೆದಿದ್ದರೆ ಹೋಲಿಕೆಯೇ ತಪ್ಪುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಗಳಿಗೆಯಲ್ಲಿ ತೆಗೆದ ತುಣುಕು ಯಾವುದು ಮೊದಲು ಬಂತೆಂದು ಹೇಳಲಾರದು. ಬ್ಯಾಕ್ಟೀರಿಯ ಹೆಚ್ಚಿದ್ದರಿಂದ ನಾಳ ಬೆಳೆಯಿತೋ, ನಾಳ ಬೆಳೆದದ್ದರಿಂದ ಬ್ಯಾಕ್ಟೀರಿಯಕ್ಕೆ ಅನುಕೂಲವಾಯಿತೋ ಎಂದು ತಿಳಿಯಬೇಕಾದರೆ ಅದೇ ರೋಗಿಯ ಚರ್ಮವನ್ನು ಚಿಕಿತ್ಸೆಗೆ ಮುನ್ನ, ನಡುವೆ, ಆಮೇಲೆ ನೋಡಬೇಕು.

ಪ್ರತಿಕ್ರಿಯೆಗಳು ಮತ್ತು ನರದ ಬಾಗಿಲು

ಕುಷ್ಠದಲ್ಲಿ ನಿಜವಾದ ತುರ್ತು ಎಂದರೆ ಪ್ರತಿಕ್ರಿಯೆಗಳು. ಚಿಕಿತ್ಸೆಗೆ ಮುನ್ನವಾಗಲಿ, ನಡೆಯುವಾಗಾಗಲಿ, ಮುಗಿದ ಮೇಲಾಗಲಿ ರಕ್ಷಣಾ ವ್ಯವಸ್ಥೆ ದಿಢೀರನೆ ಕೆರಳಬಹುದು. ಇದರಲ್ಲಿ ಎರಡು ಬಗೆ. ಮೊದಲ ಬಗೆಯಲ್ಲಿ ಇದ್ದ ಮಚ್ಚೆಗಳೇ ಕೆಂಪಾಗಿ ಊದುತ್ತವೆ, ನರಗಳು ಬಾತು ನೋಯುತ್ತವೆ. ಸರಿಯಾದ ಹೊತ್ತಿಗೆ ಸ್ಟೀರಾಯ್ಡ್ ಸಿಗದಿದ್ದರೆ ಕೆಲವೇ ದಿನಗಳಲ್ಲಿ ಕೈ ಬೀಳಬಹುದು, ಪಾದ ಜೋಲಬಹುದು. ಈ ಬಗೆಯ ಪ್ರತಿಕ್ರಿಯೆಯಲ್ಲಿ ವಿಇಜಿಎಫ್ ಮತ್ತು ಅದನ್ನು ಹಿಡಿಯುವ ಗ್ರಾಹಕ ಎರಡೂ ಹೆಚ್ಚಾಗುತ್ತವೆ ಎಂದು ಇಟಲಿಯ ಫಿಯಾಲೊ ಮತ್ತು ಸಂಗಡಿಗರು 2002ರಲ್ಲಿ ವರದಿ ಮಾಡಿದರು. ಇಲ್ಲಿ ನಾಳದ ಬೆಳವಣಿಗೆಗಿಂತ ಸೋರಿಕೆಯೇ ಮುಖ್ಯ ಎಂದು ನನಗೆ ಅನ್ನಿಸುತ್ತದೆ. ಬಿಗಿಯಾದ ಹೊದಿಕೆಯೊಳಗಿರುವ ನರಕ್ಕೆ ಒಳಗೆ ದ್ರವ ತುಂಬಿದರೆ ಹಿಗ್ಗಲು ಜಾಗವಿಲ್ಲ. ಅದು ಒತ್ತಡಕ್ಕೆ ಸಿಕ್ಕಿ ಸಾಯುತ್ತದೆ.

ನರಕ್ಕೆ ಬ್ಯಾಕ್ಟೀರಿಯ ಹೇಗೆ ಸೇರುತ್ತದೆ ಎನ್ನುವುದಕ್ಕೂ ರಕ್ತನಾಳಕ್ಕೂ ನಂಟಿದೆ. 1971ರಲ್ಲಿ ಕಿರ್ಶ್‌ಹೈಮರ್ ಮತ್ತು ಸ್ಟಾರ್ಸ್ ಆರ್ಮಡಿಲ್ಲೊ ಎಂಬ ಅಮೆರಿಕದ ಪ್ರಾಣಿಗೆ ಕುಷ್ಠ ಹಿಡಿಸಬಹುದೆಂದು ತೋರಿಸಿದರು. ಆ ಪ್ರಾಣಿಯ ನರಗಳನ್ನು ಪರೀಕ್ಷಿಸಿದ ಡೇವಿಡ್ ಸ್ಕೊಲಾರ್ಡ್, ಬ್ಯಾಕ್ಟೀರಿಯ ಮೊದಲು ನರದ ಹೊರಹೊದಿಕೆಯ ರಕ್ತನಾಳ ಮತ್ತು ದುಗ್ಧನಾಳಗಳ ಒಳಪದರದ ಕೋಶಗಳಲ್ಲಿ ನೆಲೆಸುತ್ತದೆ, ಅಲ್ಲಿಂದ ನಾಳಗಳ ಮೂಲಕವೇ ನರದೊಳಕ್ಕೆ ಇಳಿಯುತ್ತದೆ ಎಂಬ ವಿವರಣೆ ಕೊಟ್ಟರು. ಮೆಕ್ಸಿಕೊದಲ್ಲಿ 1852ರಲ್ಲೇ ಲೂಸಿಯೊ ಮತ್ತು ಅಲ್ವಾರಾಡೊ ವರ್ಣಿಸಿದ ಅಪರೂಪದ ಉಗ್ರ ರೂಪದಲ್ಲಂತೂ ನಾಳದ ಒಳಪದರ ಬ್ಯಾಕ್ಟೀರಿಯದಿಂದ ತುಂಬಿ, ನಾಳ ಮುಚ್ಚಿ, ಚರ್ಮ ತೇಪೆ ತೇಪೆಯಾಗಿ ಸಾಯುತ್ತದೆ. ಒಟ್ಟಿನಲ್ಲಿ ಈ ರೋಗದಲ್ಲಿ ರಕ್ತನಾಳ ಬರಿಯ ಸಾಗಣೆಯ ಕೊಳವೆಯಲ್ಲ, ರೋಗಾಣು ವಾಸಿಸುವ ಮನೆಯೂ ಹೌದು.

ಮೀನು, ಮೊಲ, ಇಲಿ: ಒಮ್ಮತವಿಲ್ಲದ ಸಾಕ್ಷಿ

ಕುಷ್ಠದ ಬ್ಯಾಕ್ಟೀರಿಯವನ್ನು ಇಂದಿಗೂ ಪ್ರಯೋಗಾಲಯದ ಕೃತಕ ಮಾಧ್ಯಮದಲ್ಲಿ ಬೆಳೆಸಲಾಗಿಲ್ಲ. ಆದ್ದರಿಂದ ಕಾರಣ ಪರಿಣಾಮಗಳ ಪರೀಕ್ಷೆ ಅದರ ಸಂಬಂಧಿಗಳ ಮೇಲೆ ನಡೆದಿದೆ. 2015ರಲ್ಲಿ ಸ್ಟೀಫನ್ ಓಲರ್ಸ್, ಡೇವಿಡ್ ಟೋಬಿನ್ ಮತ್ತು ಸಂಗಡಿಗರು ಜೀಬ್ರಾ ಮೀನಿಗೆ ಮೈಕೋಬ್ಯಾಕ್ಟೀರಿಯಂ ಮರೈನಂ ಸೋಂಕು ತಂದು ನೋಡಿದರು. ಕೋಶಗುಂಪು ಕಟ್ಟಿಕೊಂಡಂತೆ ಅದರ ಸುತ್ತ ನಾಳಗಳು ಚಿಗುರಿದವು. ವಿಇಜಿಎಫ್ ಸಂದೇಶವನ್ನು ತಡೆಯುವ ಔಷಧ ಕೊಟ್ಟಾಗ ನಾಳ ಕಡಿಮೆಯಾಯಿತು, ಬ್ಯಾಕ್ಟೀರಿಯವೂ ಕಡಿಮೆಯಾಯಿತು, ಅದು ಹರಡುವುದೂ ತಗ್ಗಿತು. 2018ರಲ್ಲಿ ಟೋಬಿನ್ ಅವರ ಬಳಗವೇ ಬ್ಯಾಕ್ಟೀರಿಯದ ಹೊರಪದರದ ಒಂದು ಕೊಬ್ಬಿನ ರಚನೆ ವಿಇಜಿಎಫ್ ಅನ್ನು ಪ್ರಚೋದಿಸುತ್ತದೆ ಎಂದೂ ತೋರಿಸಿತು.

ಕ್ಷಯದ ಮೊಲಗಳಲ್ಲಿ ನಡೆದ ಕೆಲಸ ಬೇರೆ ಬೆಳಕು ಚೆಲ್ಲುತ್ತದೆ. 2015ರಲ್ಲಿ ಮೀನಲ್ ದತ್ತಾ, ರಾಕೇಶ್ ಜೈನ್ ಮತ್ತು ಸಂಗಡಿಗರು ಕ್ಯಾನ್ಸರಿಗೆ ಬಳಸುವ ಬೆವಾಸಿಜುಮ್ಯಾಬ್ ಎಂಬ ವಿಇಜಿಎಫ್ ತಡೆಯನ್ನು ಕೊಟ್ಟರು. ಕ್ಷಯದ ಗಂಟಿನ ಅಂಕುಡೊಂಕು ನಾಳಗಳು ಕಡಿಮೆಯಾದವು, ಉಳಿದವು ಸರಿಯಾಗಿ ಹರಿದವು, ಸಣ್ಣ ಅಣುಗಳು ಗಂಟಿನೊಳಕ್ಕೆ ಚೆನ್ನಾಗಿ ತಲುಪಿದವು. ಇಲ್ಲಿ ತಡೆಯ ಉದ್ದೇಶ ನಾಳವನ್ನು ಇಲ್ಲವಾಗಿಸುವುದಲ್ಲ, ಔಷಧ ಒಳಗೆ ಹೋಗುವಂತೆ ಅದನ್ನು ಸರಿಪಡಿಸುವುದು. 2019ರಲ್ಲಿ ಇಲಿಗಳ ಮೇಲೆ ನಡೆದ ಒಂದು ಅಧ್ಯಯನ ಇನ್ನೊಂದು ಬದಿಯನ್ನು ಮುಂದಿಟ್ಟಿತು. ಭಕ್ಷಕ ಕೋಶಗಳ ವಿಇಜಿಎಫ್ ಉರಿಯೂತವನ್ನು ನಿಯಂತ್ರಿಸುವುದು ನಿಜ, ಆದರೆ ಅದು ನಾಳ ಬೆಳೆಸುವ ಮೂಲಕವಲ್ಲ ಎಂದು ಹಾರ್ಡಿಂಗ್ ಮತ್ತು ಸಂಗಡಿಗರು ಹೇಳಿದರು. ಮೂರು ಪ್ರಾಣಿಗಳು, ಮೂರು ಉತ್ತರಗಳು. ಇವುಗಳಲ್ಲಿ ಒಂದನ್ನಷ್ಟೇ ಹಿಡಿದು ಮನುಷ್ಯರಿಗೆ ಔಷಧ ಬರೆಯುವುದು ದುಡುಕು.

ಥ್ಯಾಲಿಡೊಮೈಡ್ ಕಲಿಸಿದ ಪಾಠ

ನಾಳ ಬೆಳವಣಿಗೆಯನ್ನು ತಡೆಯುವ ಒಂದು ಔಷಧ ಕುಷ್ಠದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಗರ್ಭಿಣಿಯರು ಸೇವಿಸಿದ್ದರಿಂದ ಸಾವಿರಾರು ಮಕ್ಕಳು ಅಂಗವೈಕಲ್ಯದೊಡನೆ ಹುಟ್ಟಿ, 1961ರ ಕೊನೆಯಿಂದ ಒಂದೊಂದು ದೇಶದಲ್ಲೂ ಮಾರುಕಟ್ಟೆಯಿಂದ ಹಿಂತೆಗೆಯಲ್ಪಟ್ಟ ಥ್ಯಾಲಿಡೊಮೈಡ್ ಅದು. ಜೆರುಸಲೇಮಿನ ವೈದ್ಯ ಜೇಕಬ್ ಶೆಸ್ಕಿನ್ ಜ್ವರ, ನೋವಿನ ಗಂಟುಗಳನ್ನು ತರುವ ಎರಡನೆಯ ಬಗೆಯ ಪ್ರತಿಕ್ರಿಯೆಯಿಂದ ನರಳುತ್ತಿದ್ದ ರೋಗಿಗೆ ನಿದ್ದೆ ಬರಲೆಂದು ಅದನ್ನು ಕೊಟ್ಟರು. ಜ್ವರವೂ ಗಂಟುಗಳೂ ಬೇಗನೆ ಇಳಿದವು. 1965ರಲ್ಲಿ ಅವರು ಇದನ್ನು ಪ್ರಕಟಿಸಿದರು. 1998ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಪ್ರತಿಕ್ರಿಯೆಗೆ ಅದರ ಬಳಕೆಯನ್ನು ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ಒಪ್ಪಿತು.

ಅದು ಹೇಗೆ ಕೆಲಸ ಮಾಡುತ್ತದೆ? 1991ರಲ್ಲಿ ಸಂಪಾಯೊ, ಕಪ್ಲಾನ್ ಮತ್ತು ಸಂಗಡಿಗರು ಅದು ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ವಸ್ತುವನ್ನು ತಗ್ಗಿಸುತ್ತದೆ ಎಂದರು. 1994ರಲ್ಲಿ ಡಿ ಅಮಾಟೊ, ಫೋಕ್‌ಮನ್ ಮತ್ತು ಸಂಗಡಿಗರು ಮೊಲದ ಕಣ್ಣಿನ ಮೇಲೆ ಪ್ರಯೋಗ ಮಾಡಿ ಅದು ಹೊಸ ನಾಳಗಳ ಬೆಳವಣಿಗೆಯನ್ನು ತಡೆಯುತ್ತದೆ ಎಂದು ತೋರಿಸಿದರು. 2010ರಲ್ಲಿ ಜಪಾನಿನ ಸಂಶೋಧಕರು ಅದು ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ ಎಂದು ಕಂಡುಹಿಡಿದರು. ಆದ್ದರಿಂದ ಥ್ಯಾಲಿಡೊಮೈಡ್ ಗುಣ ಕೊಟ್ಟಿತು ಎಂದ ಮಾತ್ರಕ್ಕೆ ನಾಳ ತಡೆದದ್ದೇ ಕಾರಣ ಎನ್ನಲಾಗದು. ಜೊತೆಗೆ, ಈ ಔಷಧ ತಾನೇ ನರಗಳಿಗೆ ಹಾನಿ ಮಾಡಬಲ್ಲದು. ನರ ಕಳೆದುಕೊಳ್ಳುತ್ತಿರುವ ರೋಗಿಗೆ ಅದನ್ನು ಕೊಡುವಾಗ ವೈದ್ಯರು ಎಷ್ಟು ಎಚ್ಚರವಿರಬೇಕೆಂದು ಹೇಳಬೇಕಿಲ್ಲ.

ಗಾಯ ಮಾಯಲು ನಾಳ ಬೇಕು

ಈ ಚರ್ಚೆಯಲ್ಲಿ ಹೆಚ್ಚಾಗಿ ಮರೆತುಹೋಗುವ ಒಂದು ಬದಿಯಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1940ರ ದಶಕದ ಕೊನೆಯಿಂದ ಕೆಲಸ ಮಾಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಒಂದು ಹಳೆಯ ನಂಬಿಕೆಯನ್ನು ಮುರಿದರು. ಕುಷ್ಠದಲ್ಲಿ ಬೆರಳು ಕೊಳೆತು ಉದುರುವುದಿಲ್ಲ. ಅರಿವಿಲ್ಲದ ಕೈಕಾಲಿಗೆ ಮತ್ತೆ ಮತ್ತೆ ಆಗುವ ಗಾಯ, ಸುಟ್ಟಗಾಯ, ಅವಕ್ಕೆ ತಗಲುವ ಸೋಂಕು ಬೆರಳನ್ನು ಸವೆಸುತ್ತವೆ. ಗಾಯಕ್ಕೆ ವಿಶ್ರಾಂತಿ ಕೊಟ್ಟು ಪಾದಕ್ಕೆ ಪ್ಲಾಸ್ಟರ್ ಹಾಕಿದರೆ ಅದು ಬೇರೆಯವರ ಗಾಯದಂತೆಯೇ ಮಾಯುತ್ತದೆ. ಗಾಯದ ತಳದಲ್ಲಿ ಕೆಂಪಗೆ ಕಾಣುವ ಹೊಸ ಮಾಂಸ ಎಂದರೆ ಹೊಸದಾಗಿ ಚಿಗುರಿದ ನಾಳಗಳ ಜಾಲವೇ.

ಇದು ಕೊಳ್ಳೇಗಾಲ ಸೀಮೆಯ ದುಡಿಯುವ ಜನರಿಗೆ ನೇರವಾಗಿ ಸಂಬಂಧಿಸಿದ ಮಾತು. ಕಬ್ಬು ಕಡಿಯುವವರ ಕಾಲಿಗೆ ಕೂಳೆ ಚುಚ್ಚುತ್ತದೆ, ಕೈಗೆ ಗರಿ ಕೊಯ್ಯುತ್ತದೆ. ರೇಷ್ಮೆ ನೂಲು ಬಿಚ್ಚುವವರು ಗೂಡು ಬೇಯುವ ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆ ಹಿಡಿಯುತ್ತಾರೆ. ಬೆರಳಿನ ಅರಿವು ಹೋದವರಿಗೆ ನೀರು ಎಷ್ಟು ಸುಡುತ್ತಿದೆ ಎಂದು ಗೊತ್ತಾಗುವುದಿಲ್ಲ. ಇಂಥ ರೋಗಿಗೆ ಮಚ್ಚೆಯ ನಾಳಗಳನ್ನು ಕುಗ್ಗಿಸಲು ಔಷಧ ಕೊಟ್ಟರೆ, ಅದೇ ಔಷಧ ಅಂಗಾಲಿನ ಹುಣ್ಣು ಮಾಯದಂತೆ ತಡೆಯಬಹುದು. ವಿಇಜಿಎಫ್ ತಡೆಗಳು ಗಾಯ ಮಾಯುವುದನ್ನು ನಿಧಾನಿಸುತ್ತವೆ ಎನ್ನುವುದು ಕ್ಯಾನ್ಸರ್ ಚಿಕಿತ್ಸೆಯಲ್ಲಿ ಚೆನ್ನಾಗಿ ತಿಳಿದ ವಿಷಯ. ಅದಕ್ಕಾಗಿಯೇ ಶಸ್ತ್ರಚಿಕಿತ್ಸೆಗೆ ಮುನ್ನ ಅವನ್ನು ನಿಲ್ಲಿಸುತ್ತಾರೆ.

ಮುಂದಿನ ಕೆಲಸ

ಹಾಗಾದರೆ ಈ ತಿಳಿವಳಿಕೆಯಿಂದ ಈಗ ಆಗಬಹುದಾದ ಉಪಯೋಗವೇನು? ನೋಡುವುದು, ಅಳೆಯುವುದು. ಚರ್ಮವನ್ನು ಕೊಯ್ಯದೆ ಬೆಳಕು ಮತ್ತು ಮಸೂರದಿಂದ ಪರೀಕ್ಷಿಸುವ ಡರ್ಮೋಸ್ಕೋಪಿ ಇದಕ್ಕೆ ಒದಗಿ ಬಂದಿದೆ. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಡಾ. ಬಾಲಚಂದ್ರ ಅಂಕದ ಕಂದು ಚರ್ಮದ ಡರ್ಮೋಸ್ಕೋಪಿಯಲ್ಲಿ ಹೆಸರಾದವರು. ಕುಷ್ಠದ ಎರಡು ತುದಿಗಳ ನಡುವಿನ ಗಡಿರೂಪವೊಂದರ ಡರ್ಮೋಸ್ಕೋಪಿ ಲಕ್ಷಣಗಳನ್ನು ಅವರು 2018ರಲ್ಲಿ ಸಹಲೇಖಕರೊಂದಿಗೆ ವರದಿ ಮಾಡಿದ್ದಾರೆ. ಇಂಥ ಅಧ್ಯಯನಗಳಲ್ಲಿ ಹಳದಿ ಕೇಸರಿ ಛಾಯೆ, ಕಡಿಮೆಯಾದ ಕೂದಲು, ಕವಲೊಡೆದ ಸಣ್ಣ ನಾಳಗಳು ದಾಖಲಾಗುತ್ತಿವೆ. ಬಿಳಿ ಚರ್ಮಕ್ಕಾಗಿ ಬರೆದ ಪಠ್ಯಗಳು ನಮ್ಮ ರೋಗಿಗಳಿಗೆ ಸಾಲುವುದಿಲ್ಲ. ಕಪ್ಪು ಚರ್ಮದಲ್ಲಿ ನಾಳ ಕಾಣುವುದೇ ಕಷ್ಟ. ಈ ಕೆಲಸ ನಮ್ಮ ನೆಲದಲ್ಲೇ ಆಗಬೇಕು.

ಚಾಮರಾಜನಗರದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಮೈಸೂರು ದೂರವಿಲ್ಲ. ಚಿಕಿತ್ಸೆಗೆ ಬಂದ ರೋಗಿಗಳ ಒಪ್ಪಿಗೆ ಪಡೆದು, ಮೈಯ ಒಂದೇ ಭಾಗದ ಮಚ್ಚೆಯನ್ನು ತಿಂಗಳುಗಳ ಕಾಲ ನೋಡುತ್ತ ಹೋದರೆ, ನಾಳಗಳು ಯಾವಾಗ ಇಳಿಯುತ್ತವೆ, ಪ್ರತಿಕ್ರಿಯೆಗೆ ಮುನ್ನ ಯಾವಾಗ ಏರುತ್ತವೆ ಎನ್ನುವುದು ಗೊತ್ತಾದೀತು. ಏರಿಕೆ ಮೊದಲೇ ತಿಳಿದರೆ ನರ ಸಾಯುವ ಮುನ್ನ ಸ್ಟೀರಾಯ್ಡ್ ಕೊಡಬಹುದು. ನನ್ನ ಮಟ್ಟಿಗೆ ಈ ಸಂಶೋಧನೆಯ ಅತಿ ದೊಡ್ಡ ಭರವಸೆ ಇಲ್ಲೇ ಇದೆ.

ಇದೆಲ್ಲದರ ನಡುವೆ ಮೊದಲ ಕೆಲಸ ಹಿಂದೆ ಬೀಳಬಾರದು. ಭಾರತ 2005ರ ಕೊನೆಗೆ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ರೋಗಿಗಳೆಂಬ ಮಟ್ಟವನ್ನು ಮುಟ್ಟಿತು. ಆದರೂ ಜಗತ್ತಿನ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಇಂದಿಗೂ ಇಲ್ಲಿಯವರೇ. ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ರೋಗದ ಮಟ್ಟಕ್ಕೆ ತಕ್ಕಂತೆ 6 ಅಥವಾ 12 ತಿಂಗಳು ತೆಗೆದುಕೊಂಡರೆ ರೋಗ ವಾಸಿಯಾಗುತ್ತದೆ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿ ಒಪ್ಪುತ್ತಿದ್ದ ಕಾನೂನನ್ನೇ ಸಂಸತ್ತು 2019ರಲ್ಲಿ ತಿದ್ದಿದೆ. ಮನೆಗೆ ಬಂದ ಆಶಾ ಕಾರ್ಯಕರ್ತೆಗೆ ಬೆನ್ನಿನ ಮಚ್ಚೆಯನ್ನು ತೋರಿಸಲು ಅಂಜದ ವಾತಾವರಣವಿದ್ದರೆ ಮಾತ್ರ ಸೂಕ್ಷ್ಮದರ್ಶಕದ ಕೆಳಗಿನ ಜ್ಞಾನಕ್ಕೆ ಬೆಲೆ. ಯಳಂದೂರು ಆ ವಾತಾವರಣವನ್ನು ದುಡಿದು ಕಟ್ಟಿತ್ತು. ಅಲ್ಲಿ ಹುಡುಕಿ ಗುಣಪಡಿಸಿದ ಕೆಲಸವೂ ಪ್ರಯೋಗಾಲಯಗಳಲ್ಲಿ ನಾಳಗಳನ್ನು ಎಣಿಸುವ ಕೆಲಸವೂ ಒಂದೇ ಜಿಲ್ಲೆಯಲ್ಲಿ ಒಟ್ಟಿಗೆ ನಡೆದರೆ, ಮಚ್ಚೆಯ ಕೆಳಗಿನ ನಾಳಗಳನ್ನು ಯಾವಾಗ ತಡೆಯಬೇಕು, ಯಾವಾಗ ಬೆಳೆಯಲು ಬಿಡಬೇಕು ಎಂಬ ಪ್ರಶ್ನೆಗೆ ಉತ್ತರ ಚಾಮರಾಜನಗರದ ರೋಗಿಗಳಿಂದಲೇ ಸಿಗಬಹುದು. ಆ ಉತ್ತರ ಮೊದಲು ಉಪಯೋಗಕ್ಕೆ ಬರಬೇಕಾದ್ದೂ ಅವರಿಗೇ.